ವ್ಯಂಜನ

ದೋಷ ಫೋನಿನದೇ ಅಂತ ಎರಡು ಫೋನು ಬದಲಿಸಿದೆ.
ಮಗಳು 'ಸೀಟು ಸಿಕ್ಕಿತು' ಅಂದದ್ದು
ನನಗೆ 'ಈಟು ಇಕ್ಕಿತು'.
'ಯಾರಿಗೆ ಇಕ್ಕಿದರು?' ಅಂದೆ.
ನಕ್ಕಳು. ಆಮೇಲೆ ನಗಲಿಲ್ಲ.

ಬಹರೇನಿನ ಹಿದ್ದ್‌ನಲ್ಲಿ ಹದಿನೇಳು ವರ್ಷ
ಹಡಗಿನ ಹೊಟ್ಟೆಯ ತುಕ್ಕು ಕೆತ್ತಿದವನು.
ಇಯರ್‌ಮಫ್ ಕೊಟ್ಟಿದ್ದರು; ಬೆವರಿಗೆ ಕಳಚಿ
ಕೊರಳಿಗೆ ಹಾಕಿಕೊಂಡಿರುತ್ತಿದ್ದೆ.

ರೂಮಿನ ಲಿಗೋರಿ ಟೀವಿಯ ರಿಮೋಟು ಕಸಿದು
ಒಂದು ಶುಕ್ರವಾರ ಮನಾಮಾಕ್ಕೆ ಎಳೆದೊಯ್ದ.
ಗಾಜಿನ ಪೆಟ್ಟಿಗೆ. ಸದ್ದು ಕೇಳಿದರೆ ಗುಂಡಿ ಒತ್ತಬೇಕು.
ಎಷ್ಟೋ ಹೊತ್ತು ಒತ್ತಲೇ ಇಲ್ಲ,
ಆಚೆಯ ಹುಡುಗಿ ಇನ್ನೂ ಶುರುಮಾಡಿಲ್ಲ ಅಂದುಕೊಂಡು.

ಗೀಟು ತೋರಿಸಿದಳು: ಇಲ್ಲಿವರೆಗೆ ಸಮ, ಇಲ್ಲಿಂದ ಇಳಿಜಾರು.
ಸ್ವರ ಉಳಿದಿವೆ, ವ್ಯಂಜನ ಹೋಗಿವೆ.
ಲಿಗೋರಿ ಕಿರುಚಲಿಲ್ಲ; ಎದುರು ಕೂತು, ಮುಖ ಕೊಟ್ಟು ಹೇಳಿದ:
'ಇಷ್ಟು ದಿನ ಬರೀ ಅನ್ನ ಉಂಡಿದ್ದೀಯಲ್ಲ ಮಾರಾಯ.'

ಹೋದದ್ದು ಬಾರದಂತೆ. ಉಳಿದದ್ದನ್ನು ಕಾಯಬೇಕಂತೆ;
ಮಫ್ ಕಿವಿಗೆ, ಕೊರಳಿಗಲ್ಲ.
ಕಡಲೆಕಾಳಿನಷ್ಟರ ಎರಡು ಯಂತ್ರ,
ಎಂಟು ಕಂತು.

ಹಾಕಿದ ದಿನ ಮೊದಲು ಕೇಳಿದ್ದು
ಮಗಳಲ್ಲ. ಏಸಿ. ನನ್ನದೇ ಚಪ್ಪಲಿ.
ಆಮೇಲೆ ಮೆಸ್ಸಿನ ಬಾಣಲೆಯಲ್ಲಿ
ಸಾಸಿವೆ, ಚಟಪಟ...
ಅಯ್ಯೋ, ಒಗ್ಗರಣೆಗೂ
ಬಾಯಿ ಇತ್ತಲ್ಲ!