ಕೊಸರು

ಭಾನುವಾರ ಕೋಡಿಬಾಗದ ಇಗರ್ಜಿಯಲ್ಲಿ
ಪಾದ್ರಿಯವರು ಓದಿದ್ದು ಅಳತೆಯ ಮಾತು.
ನಾವು ಅಳೆದ ಅಳತೆಯಲ್ಲೇ ನಮಗೂ ಅಳೆಯುತ್ತಾರಂತೆ.
ಕೊಟ್ಟವರಿಗೆ ಸಿಗುವುದು
ಒತ್ತಿ, ಕುಲುಕಿ, ಅಂಚು ದಾಟಿ ಮಡಿಲಿಗೆ ಸುರಿಯುವಷ್ಟಂತೆ.
ಉಳಿದವರು ಕೆಮ್ಮಿದರು, ಸೆರಗಿನಲ್ಲಿ ಗಾಳಿ ಬೀಸಿಕೊಂಡರು.
ಹಿಂದಿನ ಬೆಂಚಿನಲ್ಲಿ ನಾನು ನೆಟ್ಟಗಾದೆ.
ಕುಲುಕಿದರೆ ಇಳಿಯುತ್ತದೆ ಎಂಬುದು
ಮಾರಿದವರಿಗೆ ಮಾತ್ರ ಗೊತ್ತು.
ಕರ್ತನೇ, ನೀನು ಯಾವ ಸಂತೆಯಲ್ಲಿ ಕೂತಿದ್ದೆ?

ಸೋಮವಾರ ಇಳಿತ.
ಕಾಳಿ ಸೇತುವೆಯ ಕೆಳಗೆ ಸೊಂಟಮಟ್ಟ ನೀರು,
ನೆತ್ತಿಯ ಮೇಲೆ ಗೋವೆಯ ಲಾರಿಗಳ ಗುಡುಗುಡು,
ಕಾಲ್ಬೆರಳಲ್ಲಿ ತಡಕಿ ತೆಗೆದ ಬೆಳಚು.
ಒಂಬತ್ತಕ್ಕೆ ಮಾರ್ಕೆಟ್ಟಿನ ಬದಿಗೆ ಗೋಣಿ ಹಾಸಿ
ರಾಶಿ ಸುರಿದು ಗೆರಟೆ ತೆಗೆದೆ.
ಅತ್ತೆಯ ಕಾಲದ ಗೆರಟೆ, ನುಣ್ಣಗೆ ಕಪ್ಪಾದದ್ದು.
ಒಂದಕ್ಕೆ ಮೂವತ್ತು ರೂಪಾಯಿ.

ಪಾಪನಿವೇದನೆಯ ಜಾಲರಿಗೂ ಹೇಳದ ಒಂದು ಮಾತಿದೆ.
ಗೆರಟೆ ಹಿಡಿಯುವಾಗ ನನ್ನ ಹೆಬ್ಬೆರಳು
ಹೊರಗಿರುವುದಿಲ್ಲ.
ಒಂದು ಹೆಬ್ಬೆರಳೆಂದರೆ ನಾಲ್ಕು ಬೆಳಚು,
ಹತ್ತು ಗೆರಟೆಗೆ ನಲವತ್ತು.
ಅಕ್ಷರ ಬಾರದ ನನಗೆ ಈ ಲೆಕ್ಕ ಬರುತ್ತದೆ.

ಇದೇ ಬೆರಳು ಹಣೆಗೆ ಶಿಲುಬೆ ಎಳೆಯುವುದು.
ಇದಕ್ಕೇ ರೇಷನ್ ಅಂಗಡಿಯ ಮಷೀನು
ಇನ್ನೊಮ್ಮೆ, ಇನ್ನೊಮ್ಮೆ ಎನ್ನುವುದು.
ಚಿಪ್ಪು ತಿಕ್ಕಿ ತಿಕ್ಕಿ ಗೆರೆಯೆಲ್ಲ ಸವೆದಿದೆ.
ಸರಕಾರಕ್ಕೆ ಗುರುತು ಹತ್ತದ ಹೆಬ್ಬೆಟ್ಟು
ನಿನಗೆ ಹೇಗೆ ಸಿಕ್ಕಿತು, ಅಷ್ಟು ಜನರ ನಡುವೆ?

ಪಕ್ಕದಲ್ಲಿ ಹಾಲಕ್ಕಿ ಬೀರಮ್ಮ, ಕೊರಳ ತುಂಬ ಮಣಿಸರ,
ಇಗರ್ಜಿಯ ಹೊಸ್ತಿಲು ಕಂಡವಳಲ್ಲ.
ಹರಿವೆಯ ಪ್ರತಿ ಕಟ್ಟಿನ ಮೇಲೆ ಇನ್ನೆರಡು ದಂಟು ಇಟ್ಟು
"ಕೊಸರು" ಎನ್ನುತ್ತಾಳೆ.
ಎಂತಕ್ಕೆ ಮಾರಾಯ್ತಿ ಎಂದರೆ
"ಗಿಡ ಎಣಿಸ್ಕಂಡು ಬೆಳೀತದ್ಯೆ?"

ಹನ್ನೊಂದಕ್ಕೆ ಬಂದದ್ದು ಎಸ್ಪೆರಾನ್ಸಳ ಮಗಳು.
ದೋಣಿಯ ಪಾಲಿನ ಜಗಳವಾಗಿ ಆರು ವರ್ಷ,
ನಾದಿನಿ ನನ್ನ ಕಡೆ ಮುಖ ಮಾಡಿದವಳಲ್ಲ.
ಹುಡುಗಿಯ ಕೈಯಲ್ಲಿ ಸ್ಟೀಲಿನ ಡಬ್ಬಿ, ಬೆವರಿದ ನೋಟು.
"ಎರಡು ಗೆರಟೆ. ಮಾಯ್‌ಗೆ ಜ್ವರ ಬಿಟ್ಟಿದೆ, ಬಾಯಿಗೆ ರುಚಿ ಇಲ್ಲ."
ನಾನು ಏನಾದರೂ ಯೋಚಿಸುವ ಮೊದಲೇ
ಬೆರಳು ಒಳಗೆ ಹೋಗಿ ಕೂತಿತ್ತು,
ಬುಡದವರೆಗೆ.

ಆಗ ನಾನು ಮಾಡಿದ್ದು ಪ್ರಾರ್ಥನೆಯೋ ಏನೋ.
ಕಣ್ಣು ಮುಚ್ಚಲಿಲ್ಲ, ಜೋಡಿಸಲು ಕೈ ಬಿಡುವಿರಲಿಲ್ಲ.
ಇದನ್ನು ಹೊರಗೆಳಿ ಎಂದೆ, ಅಷ್ಟೆ.
ಅದು ಕೊಸರಿತು, ಗಾಳಕ್ಕೆ ಸಿಕ್ಕ ಮೀನಿನ ಹಾಗೆ.
ಆರು ವರ್ಷ ಕೊಸರಿತು.
ಆಮೇಲೆ ಗೆರಟೆಯ ಬೆನ್ನಿಗೆ ಬಂದು ಅಂಟಿತು
ಒದ್ದೆಯಾಗಿ, ಏನೂ ಮಾಡದವರ ಹಾಗೆ.
ಒತ್ತಿದೆ. ಕುಲುಕಿದೆ. ಇಳಿದಲ್ಲಿ ಮತ್ತೆ ತುಂಬಿದೆ.
ಎರಡನೆಯದು ಡಬ್ಬಿಯ ಅಂಚು ದಾಟಿ
ಹುಡುಗಿಯ ಪಾದದ ಮೇಲೆ ನಾಲ್ಕು ಬೆಳಚು ಬಿದ್ದವು.
ಆರಿಸಿ ವಾಪಸು ರಾಶಿಗೆ ಹಾಕಹೋದಳು.
"ಇಟ್ಟುಕೋ, ಕೊಸರು" ಎಂದೆ.
ಬೀರಮ್ಮ ತಿರುಗಿ ನೋಡಿದಳು.

ಮಧ್ಯಾಹ್ನ ಕಾರಿನಿಂದ ಇಳಿದ ಒಬ್ಬಳು
ಮೂವತ್ತಕ್ಕೆ ಇಪ್ಪತ್ತೆಂದು ಚೌಕಾಸಿಗೆ ನಿಂತಳು.
ಬೆರಳು ಅರ್ಧ ಒಳಗೆ ಹೋಯಿತು.
ಪೂರ್ತಿ ಅಲ್ಲ. ನೀನು ನೋಡಿದ್ದೀಯಲ್ಲ,
ಸುಳ್ಳು ಹೇಳಿ ಏನು.

ಈಗ ರಾತ್ರಿ. ಗೆರಟೆ ತೊಳೆದು ಬೋರಲು ಹಾಕಿದ್ದೇನೆ.
ಹಣೆಗೆ ಬೆರಳು ಮುಟ್ಟಿಸಿದರೆ ಹೊಳೆಯ ವಾಸನೆ.
ನಾಳೆ ಇಳಿತ ಮುಕ್ಕಾಲು ಗಂಟೆ ತಡ.
ನನ್ನ ಪಾಲು ಅಳೆಯುವ ದಿನ
ನೀನು ಗೆರಟೆಯನ್ನು ಹೇಗೆ ಹಿಡಿಯುತ್ತೀಯೋ ಕಾಣೆ.
ಮೊಳೆ ಹೊಡೆದ ಕೈ,
ಅದರಲ್ಲಿ ಏನು ನಿಂತೀತು, ಸೋರುತ್ತದೆ.
ನಾನು ಕೆಳಗೆ
ಸೆರಗು ಹಿಡಿದು ಕೂತಿರುತ್ತೇನೆ.