ಹಾರದ ವಿಮಾನದ ಹೊತ್ತು

ಭಾನುವಾರ, ಸಿದ್ದಾಪುರದ ಸಂತೆ.
ಆಧಾರ್ ಕಾರ್ಡುಗಳಿಗೆ ಪ್ಲಾಸ್ಟಿಕ್ ಹೊದಿಸುತ್ತ ಕೂತಿದ್ದೆ.
ಸಾಲು ಒಣಮೀನಿನಂಗಡಿಯವರೆಗೂ ಬೆಳೆದಿತ್ತು.
ಸರದಿ ಬಂದಾಗ ರೂಪೇಶ್ವರ ಪೇಗು
ಯಾವ ಕಾಗದವನ್ನೂ ಚಾಚಲಿಲ್ಲ.
"ದೀದಿ, ಇಲ್ಲಿಂದ ಲೀಲಾಬಾರಿಗೆ
ವಿಮಾನದಲ್ಲಿ ಎಷ್ಟು ಹೊತ್ತು?"

ಎಷ್ಟು ಹೊತ್ತು ಅಂದರೆ?
ಇಲ್ಲಿ ವಿಮಾನ ಇಳಿಯುವುದಿಲ್ಲ. ರೈಲೂ ಬರುವುದಿಲ್ಲ.
ಈ ಜಿಲ್ಲೆಯಲ್ಲಿ ರೈಲು ಹಳಿ ಕಾಣಬೇಕಾದರೆ
ಕಾಡಂಚಿಗೆ ಹೋಗಬೇಕು,
ಆನೆ ದಾಟದಂತೆ ಅಡ್ಡ ನೆಟ್ಟಿದ್ದಾರೆ.

"ಹತ್ತಿರದ್ದು ಮಟ್ಟನ್ನೂರು.
ಮಾಕುಟ್ಟ ಘಾಟಿ ಇಳಿಯಬೇಕು" ಅಂದೆ.
"ಇಳಿಯುತ್ತೇನೆ. ಹಾಕಿ ನೋಡಿ."

ಎರಡು ಹೆಸರು ಒತ್ತಿದೆ.
ಒಂದು ಕಡಲ ಬದಿಯದು,
ಇನ್ನೊಂದು ಹಿಮದ ಬೆಟ್ಟಗಳ ಬುಡದ್ದು;
ಒಂದರ ಹೆಸರು ಇನ್ನೊಂದು ಕೇಳಿರಲಾರದು.
ಪರದೆ ಒಂದಿಷ್ಟೂ ಅನುಮಾನಿಸದೆ ಹೇಳಿತು:
ಎರಡು ಸಾವಿರದ ಐನೂರ ಎಂಬತ್ತೇಳು ಕಿಲೋಮೀಟರ್.
ಮೂರು ಗಂಟೆ ನಲವತ್ತು ನಿಮಿಷ.
ಕೆಳಗೆ ಇರುವೆಯಂಥ ಅಕ್ಷರದಲ್ಲಿ
ನೇರ ವಿಮಾನ ಇಲ್ಲ.

ಇಲ್ಲದ್ದಕ್ಕೆ ನಿಮಿಷದ ಲೆಕ್ಕ ಯಾಕೋ!
ಇವನು ಬಂದದ್ದು ಐದು ಹಗಲು, ನಾಲ್ಕು ರಾತ್ರಿ,
ಪಾಯಿಖಾನೆಯ ಬಾಗಿಲಿಗೆ ಬೆನ್ನು ಕೊಟ್ಟು.

ಗೆರೆ ನೋಡಬೇಕೆಂದ. ದೊಡ್ಡದು ಮಾಡಿದೆ.
ಮಟ್ಟನ್ನೂರಲ್ಲಿ ಎದ್ದು, ಘಾಟಿ ಹತ್ತಿ,
ವಿರಾಜಪೇಟೆಯ ಬಳಿ ಹಾದು,
ಅರೆ, ನಮ್ಮ ತಲೆಯ ಮೇಲೇ!
ಆಮೇಲೆ ಗೋದಾವರಿ, ಒಡಿಶಾದ ಕಾಡು,
ಪಾಸ್‌ಪೋರ್ಟ್ ಕೇಳದೆ ಒಂದು ಪರದೇಶ,
ಬ್ರಹ್ಮಪುತ್ರದ ಆಚೆ ದಡ.

ಪೇಗು ನಕ್ಕ, ಹಿಂದೆ ನಿಂತವರಿಗೂ ಹೇಳಿ ನಗಿಸಿದ.
"ಘಾಟಿ ಇಳಿದು ಹೋಗಿ, ದುಡ್ಡು ಕೊಟ್ಟು ಹತ್ತಿ,
ಮತ್ತೆ ಇದೇ ತೋಟದ ಮೇಲೆ ಬರಬೇಕಾ?
ನಾಳೆ ಹೇಗೂ ಮೆಣಸಿನ ಏಣಿ ಹತ್ತುತ್ತೇನೆ.
ಅಲ್ಲೇ ಕೈ ಅಡ್ಡ ಹಿಡಿದರಾಯಿತು."

ಪ್ರಿಂಟ್ ಬೇಕೆಂದ. ಕಪ್ಪುಬಿಳುಪಿಗೆ ಮೂರು ರೂಪಾಯಿ,
ಬಣ್ಣಕ್ಕೆ ಹದಿನೈದು. ಬಣ್ಣದ್ದೇ ತೆಗೆಸಿದ.
ಕಪ್ಪುಬಿಳುಪಿನಲ್ಲಿ ಗೆರೆ ಯಾವುದು, ನದಿ ಯಾವುದು
ಹೆಂಡತಿಗೆ ಗೊತ್ತಾಗುವುದಿಲ್ಲವಂತೆ.

ಆ ವಾರ ತೋಟದ ರೈಟರು ಸಿಕ್ಕಿ ಗೊಣಗಿದರು.
ಎಂಟಕ್ಕೆ ಸಿಲ್ವರ್ ಓಕಿಗೆ ಏಣಿ ಚಾಚಿ ಹತ್ತಿದವನು
ಹನ್ನೊಂದು ನಲವತ್ತರವರೆಗೆ
ಚಹಾಕ್ಕೂ ಇಳಿಯುವುದಿಲ್ಲ.
ಕರೆದರೆ ಎಲೆಯೊಳಗಿಂದ
"ಈಗ ಒಡಿಶಾ!" ಎಂದು ಕೂಗುತ್ತಾನೆ.
ಹುಚ್ಚು ಹಿಡಿದಿದೆಯಾ ಅಂತ ಕೇಳಿದರು.
ಮೆಣಸು ಎಷ್ಟು ಕೊಯ್ದ ಅಂತ ಕೇಳಿದೆ.
ಎಲ್ಲರಿಗಿಂತ ಎರಡು ಕೆಜಿ ಜಾಸ್ತಿ.

ಮುಂದಿನ ಭಾನುವಾರ ಅದೇ ಕಾಗದ ಹಿಡಿದು ಬಂದ.
ಮಡಿಕೆಗಳಲ್ಲಿ ಮೆಣಸಿನ ಹಸಿರು ಕಲೆ.
"ದೀದಿ, ನಿಮ್ಮ ಯಂತ್ರದ ಲೆಕ್ಕ ತಪ್ಪು.
ಲೀಲಾಬಾರಿಯಲ್ಲಿ ಇಳಿದ ಮೇಲೆ ಸುಬನ್ಸಿರಿ ದಾಟಬೇಕು.
ದೋಣಿಯವನು ಊಟಕ್ಕೆ ಹೋಗಿದ್ದರೆ ಕಾಯಬೇಕು.
ಅದನ್ನು ಸೇರಿಸಿಲ್ಲ."

ಪೆನ್ನು ತೆಗೆದೆ.
ಮೊದಲು ನಮ್ಮ ಕಡೆಯದು ಬರೆದೆ:
ಅಮ್ಮತ್ತಿ ರಸ್ತೆಯಲ್ಲಿ ಆನೆ ನಿಂತರೆ, ಮುಕ್ಕಾಲು ಗಂಟೆ.
"ದೋಣಿಯವನಿಗೆ ಎಷ್ಟು ಹಾಕಲಿ?"
ಪೇಗು ಯೋಚಿಸಿದ.
ಸಾಲಿನಲ್ಲಿ ಯಾರೋ ಕೆಮ್ಮಿದರು.
"ಒಂದು ಗಂಟೆ ಹಾಕಿ.
ಮನೆಯಲ್ಲಿ ಮೀನು ಮಾಡಿದ್ದರೆ ಎರಡು."

ಎರಡು ಅಂತಲೇ ಬರೆದೆ.
ಯಂತ್ರ ಕಾದಿತ್ತು. ಕಾಗದವನ್ನು
ಪ್ಲಾಸ್ಟಿಕ್ಕಿನ ನಡುವೆ ಇಟ್ಟು ತಳ್ಳಿದೆ.