ಮೂರನೇ ಖಾನೆ

ಕ್ಯಾಪ್ಟನ್ ಮೇಡಂ,
ನಾ ಅಂಬಾರಾಯ. ಹಳದಿ ಜೀಪಿನಂವ.
ಅವತ್ತ ಏಣಿ ಇಳಿಯೋ ಮುಂದ ನಿಮ್ಮ ಟೋಪಿ ಬಿತ್ತಲ್ಲ,
ಎತ್ತಿಕೊಟ್ಟಂವ.
ನೆನಪಿರಲಿಕ್ಕಿಲ್ಲ.

ಡಾಂಬರು ಮುಗಿದು ಹದಿನೆಂಟು ಹೆಜ್ಜಿ ಆಚಿ ನಿಂತಿತ್ತು ವಿಮಾನ,
ಮೂಗಿನ ಗಾಲಿ ಎರಿ ಮಣ್ಣಾಗ ಹುಗದು.
ಯಾರಿಗೂ ಏನೂ ಆಗಲಿಲ್ಲ.
ಒಬ್ಬಾಕಿ ಮುದುಕಿ ಇಳದಾಕೀನೇ ಚಪ್ಪಲಿ ಬಿಟ್ಟು
ನೆಲ ಮುಟ್ಟಿ ಕಣ್ಣಿಗಿ ಒತ್ತಿಕೊಂಡಳು.
ಒಬ್ಬ ಹುಡುಗ ಫೋನ್ ಎತ್ತಿ ಹಲ್ಲು ಕಿಸದ.
ನೀವು ಮಾತ್ರ ಹಿಂದಕ್ಕ ನಡದ್ರಿ, ಮಳಿಯಾಗ, ಒಬ್ಬರೇ,
ಗಾಲಿ ಎಲ್ಲಿಂದ ಜಾರಿತು ಅಂತ ಹುಡುಕೋತ.

ನೀವು ಬಂದದ್ದು ನಾ ನೋಡೀನಿ.
ರನ್‌ವೇ ಬಾಜೂ ನಾಕು ದೀಪ ಅವ,
ಎರಡು ಕೆಂಪು ಎರಡು ಬಿಳಿ ಕಂಡ್ರ ದಾರಿ ಸರಿ,
ನಾಕೂ ಬಿಳಿ ಕಂಡ್ರ ಮ್ಯಾಲ ಅದೀ ತಾಯಿ, ಭಾಳ ಮ್ಯಾಲ ಅದೀ.
ಕೆಳಗ ನಿಂತಂವಗ ಆ ದೀಪ ಕಾಣಲ್ಲ, ಖರೇ.
ಆದ್ರ ಐದು ವರ್ಷ ವಿಮಾನದ ಹೊಟ್ಟಿ ನೋಡಿದಂವ ನಾ.
ಬೆನ್ನಿಗಿ ಗಾಳಿ.
ದಪ್ಪನ ಬಿಳಿ ಪಟ್ಟಿ ದಾಟಿತು, ಗಾಲಿ ಮುಟ್ಟಲಿಲ್ಲ.
ಅದರ ಮುಂದಿನದು ದಾಟಿತು, ಮುಟ್ಟಲಿಲ್ಲ.
ಜೀಪಿನಾಗ ಕುಂತು ಒದರಿದೆ,
ಎಬ್ಬಿಸ್ರಿ, ಎಬ್ಬಿಸ್ರಿ ಮ್ಯಾಲಕ್ಕ,
ಒಂದು ಸುತ್ತು ಹೊಡದು ಬರ್ರಿ,
ಕಲಬುರಗಿ ಎಲ್ಲಿಗೂ ಓಡಿಹೋಗಲ್ಲ!

ಯಾಕ ಎಬ್ಬಿಸಲಿಲ್ಲ?
ಅದು ನಿಮಗೇ ಗೊತ್ತು. ನಿಮಗೂ ಗೊತ್ತದೋ ಇಲ್ಲೋ.

ಆರು ತಿಂಗಳಿಗಿ ವರದಿ ಬಂತು.
ಕ್ಯಾಂಟೀನಿನಾಗ ಒಬ್ಬರು ಓದಿದ್ರು, ಉಳದವರು ತಲಿ ಹಾಕಿದ್ರು:
ಪೈಲಟ್ ತಪ್ಪು.
ಎರಡೇ ಶಬ್ದ. ಛಾ ಆರೋದ್ರಾಗ ಮುಗೀತು.

ನಿಮ್ಮ ತಪ್ಪು ಅದ, ಇಲ್ಲ ಅನ್ನಂಗಿಲ್ಲ.
ಆದ್ರ ಮೇಡಂ, ಆ ರನ್‌ವೇದ ಮೂಡಣ ತುದಿ
ನಮ್ಮ ಅಪ್ಪನ ತೊಗರಿ ಹೊಲ ಇತ್ತು.
ಹೊಲದ ನಡುವ ಒಂದು ತಗ್ಗು.
ನಮ್ಮ ಎಮ್ಮಿ ಶ್ರಾವಣದಿಂದ ದಸರಾ ತನಕ
ಅದರಾಗೇ ಹೊರಳತಿತ್ತು, ಬಾ ಅಂದ್ರ ಕಿವಿ ಅಲ್ಲಾಡಿಸತಿತ್ತು.
ಅಲ್ಲಿ ಬಿತ್ತಿದ್ದು ಎಂದೂ ಎದ್ದಿಲ್ಲ, ಕೊಳೀತಿತ್ತು.
ಡಾಂಬರು ಹಾಕೋ ಮುಂದ ಎಂಜಿನಿಯರಗ ಹೇಳಿದೆ,
ಸಾಹೇಬ್ರ, ಇಲ್ಲಿ ನೀರು ಮರೀಯಲ್ರಿ, ಅದಕ್ಕ ಜಾಗಾ ಗೊತ್ತದ.
ಎಂಟು ಪದರು ಹಾಕೀವಿ, ಅಂದ. ನಕ್ಕ.
ಎಂಟು ಪದರಿನ ಮ್ಯಾಲೂ
ಜೋರು ಮಳಿ ಬಂದ್ರ ಅಲ್ಲೇ, ಅಷ್ಟೇ ಅಗಲ,
ತಟಕು ನೀರು ನಿಲ್ಲತದ.
ಎಮ್ಮಿ ಇಲ್ಲ, ಅಷ್ಟೇ.

ನನ್ನ ವಹಿಯಾಗ ಒಂಬತ್ತು ಖಾನೆ ಅವ.
ಒಂದನೇದು, ಕಲ್ಲು ಮೊಳಿ ಬಿದ್ದಾವೇನು.
ಎರಡನೇದು, ಹಕ್ಕಿ. ನವಿಲು ಬಂದ್ರ ಪಟಾಕಿ ಹೊಡೀಬೇಕು.
ಮೂರನೇದು, ನೀರು ನಿಂತದೇನು.
ಪ್ರತಿ ಇಳಿತದ ಮುಂದ ಹೋಗಿ, ಇಳದು, ನೋಡಿ,
ಟಿಕ್ಕು ಹಾಕಬೇಕು.

ಅವತ್ತ ಮೋಡ ಇನ್ನ ಶಹಾಬಾದ ಕಡೀ ಇತ್ತು.
ಕೈಯಾಗ ಛಾ. ಎದುರಿಗಿ ವಹಿ.
ಒಂಬತ್ತೂ ಖಾನೆಗಿ ಒಂದೇ ಉಸರಿನಾಗ ಟಿಕ್ಕು ಹಾಕಿ
ಪೆನ್ನು ಕಿಸೆಕ್ಕ ಹಾಕಿದೆ.
ಆಮ್ಯಾಲ ಮಳಿ ಬಂತು.
ಹೋಗಿ ನೋಡಲಿಲ್ಲ. ವಹಿಯಾಗ ನೋಡಿ ಆಗಿತ್ತಲ್ಲ.

ನೀವು ಬ್ರೇಕ್ ಒತ್ತಿದ ಜಾಗಾ ಯಾವುದು ಗೊತ್ತೇನ್ರಿ?
ಗೊತ್ತದ. ಮಳಿಯಾಗ ನಿಂತು ನೋಡಿದ್ರಲ್ಲ,
ಬೂಟು ಮುಳುಗಿದ್ದು ನೋಡಿದ್ರಿ, ತಿರುಗಿ
ನನ್ನ ಕಡೀ ನೋಡಿದ್ರಿ.
ನಾ ಟೋಪಿಯ ಕೆಸರು ಒರಸಕೋತ ನಿಂತಿದ್ದೆ.

ಈಗ ಸ್ಟೀಲ್ ಪಟ್ಟಿ ಒಯ್ತೀನಿ. ಬಗ್ಗಿ ಅಳೀತೀನಿ.
ಮೂರು ಮಿಲಿಮೀಟರ್ ಆದ್ರ ವೈರ್‌ಲೆಸ್‌ನಾಗ ಹೇಳ್ತೀನಿ,
ಮ್ಯಾಲಿನವರು ಸುತ್ತು ಹೊಡೀತಾರ,
ಹೊರಗ ಹೂವಿನ ಹಾರ ಹಿಡಕೊಂಡು ನಿಂತವರು ಬೈತಾರ. ಬೈಲಿ.

ಹಳೀ ವಹಿ ಕಪಾಟಿನಾಗ ಅದ.
ಮಳಿ ದಿನದ ಹಾಳಿ ನೋಡ್ರಿ, ಎಲ್ಲಾ ಟಿಕ್ಕು ಮಸಿ ಹರಡಿ
ಹೇಸಿ ಆಗ್ಯಾವ, ಹನಿ ಬಿದ್ದು.
ಅದೊಂದು ದಿನದ ಹಾಳಿ ಮಾತ್ರ ಒಣಾ.
ತನಿಖೆಗಿ ಬಂದವರು ಅದನ್ನ ತಿರುವಿ ಹಾಕಿ,
ದಾಖಲೆ ಭಾಳ ಸ್ವಚ್ಛ ಇಟ್ಟೀರಿ ಅಂದ್ರು.